ಪ್ರಾರ್ಥನೆಗೆ ಕೂತರೆ ಬಾಯೇ ಬರ್ತಿಲ್ಲ. ನಿಮಗೂ ಹೀಗೆ ಆಗಿದೆಯಾ?

ಸದಾಶಿವಗಡದವಳು · ಸೋಮವಾರ ರಾತ್ರಿ 11:48

ಇಲ್ಲಿ ಓದುತ್ತಾ ಇರ್ತೇನೆ, ಬರೆಯೋದು ಇದೇ ಮೊದಲು. ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಏಪ್ರಿಲ್‌ನಲ್ಲಿ ನಮ್ಮ ಆಯಿ ಹೋದರು. ಹನ್ನೊಂದು ತಿಂಗಳ ಕಾಯಿಲೆ, ಹೊಟ್ಟೆಯ ಕ್ಯಾನ್ಸರ್. ಅಷ್ಟು ದಿನದಲ್ಲಿ ನಾವು ಮಾಡದ ಪ್ರಾರ್ಥನೆ ಇಲ್ಲ. ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮುಗಿಸಿದ ಮರುದಿನವೇ ಇನ್ನೊಂದು ನೊವೇನಾ. ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯಲ್ಲಿ ಹರಕೆ ಹೊತ್ತೆವು. ಡಿಸೆಂಬರ್ 3ರ ಹಬ್ಬಕ್ಕೆ ಆಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಹೋದೆವು. ಆ ಜನದಲ್ಲಿ ಇಳಿಸೋಕೆ ಆಗಲಿಲ್ಲ. ಕಿಟಕಿ ಗಾಜು ಇಳಿಸಿ, ಇಗರ್ಜಿ ಕಡೆ ಮುಖ ಮಾಡಿ ಕೂತಿದ್ದರು. ನಾನು ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದೆ. ನಾಲ್ಕು ತಿಂಗಳಿಗೆ ಆಯಿ ಇಲ್ಲ.

ಈಗಿನ ಸಮಸ್ಯೆ ಬೇರೆ. ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಯಾವಾಗಲೂ ಆಯಿಯೇ ಹೇಳಿಸುವವರು. ‘ನಮಾನ್ ಮೊರಿಯೆ’ ಅನ್ನೋ ಕೊಂಕಣಿಯ ಮರಿಯಮ್ಮನ ಪ್ರಾರ್ಥನೆಯನ್ನು ಅವರು ಅರ್ಧ ಹೇಳಿದರೆ ಉಳಿದ ಅರ್ಧ ಪಪ್ಪನದು. ಮದುವೆಯಾದಾಗಿನಿಂದ ಹಾಗೇ, 36 ವರ್ಷ. ಈಗ ಪಪ್ಪ ಒಬ್ಬರೇ ಕೂತು ಎರಡೂ ಅರ್ಧ ಹೇಳಿಕೊಳ್ಳುತ್ತಾರೆ. ಮೊದಲ ಅರ್ಧ ಆದಮೇಲೆ ಒಂಚೂರು ನಿಲ್ಲಿಸ್ತಾರೆ, ಆಮೇಲೆ ತಾವೇ ಮುಂದುವರಿಸ್ತಾರೆ. ಆ ನಿಲ್ಲಿಸೋದು ನನ್ನಿಂದ ಕೇಳೋಕಾಗಲ್ಲ. ಅಡುಗೆಮನೆಯಲ್ಲಿ ಬೇಕಂತಲೇ ಪಾತ್ರೆ ಸದ್ದು ಮಾಡ್ತೇನೆ. ಅವರು ಊಟವನ್ನೂ ಸರಿಯಾಗಿ ಮಾಡ್ತಿಲ್ಲ.

ನನಗೆ ದೇವರ ಮೇಲೆ ಸಿಟ್ಟೂ ಇಲ್ಲ. ಸಿಟ್ಟಿದ್ದರೆ ಒಳ್ಳೇದಿತ್ತೇನೋ. ಮೇ ತಿಂಗಳಲ್ಲಿ ಬಾವಿಗೆ ಕೊಡ ಬಿಟ್ಟರೆ ತಳದ ಕಲ್ಲಿಗೆ ತಾಗಿದ ಸದ್ದು ಬರುತ್ತಲ್ಲ, ಅಷ್ಟೇ. ಇನ್ನೊಂದು ವಿಷಯ, ತಿಂಗಳ ಪೂಜೆಯ ದಿನ ಪ್ರಾರ್ಥನಾ ಕೂಟದ ಒಬ್ಬರು ನನ್ನ ಕೈ ಹಿಡಿದು ‘ನಿಮ್ಮ ವಿಶ್ವಾಸ ಇನ್ನೂ ಸ್ವಲ್ಪ ಗಟ್ಟಿ ಇರಬೇಕಿತ್ತು’ ಅಂದರು. ಅವತ್ತಿನಿಂದ ಪೂಜೆಗೂ ಹೋಗಿಲ್ಲ.

ಇಂಥ ಹೊತ್ತಿನಲ್ಲಿ ನೀವು ಏನು ಮಾಡ್ತೀರಿ? ಪ್ರಾರ್ಥನೆ ನಿಜಕ್ಕೂ ಏನಾದ್ರೂ ಮಾಡುತ್ತಾ?

ಬೈತಖೋಲ್_ಬೋಟ್ · ಸೋಮವಾರ ರಾತ್ರಿ 11:59

ಅಕ್ಕಾ, ಓದಿದೆ. ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಆ ಕೈ ಹಿಡಿದವರಿಗೆ ಮಾತ್ರ ಎರಡು ಮಾತು ಹೇಳಬೇಕು ಅನ್ನಿಸ್ತಿದೆ.

ಕುಮಟಾ_ನರ್ಸ್ · ಮಂಗಳವಾರ ಬೆಳಗ್ಗೆ 6:10

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ ಅಕ್ಕಾ. ಮೊದಲು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ. ನಿದ್ದೆ ಎಷ್ಟು ಗಂಟೆ? ತೂಕ ಇಳಿದಿದೆಯಾ? ‘ನಾನೂ ಹೋಗಿಬಿಟ್ಟರೆ ಸಾಕು’ ಅಂತ ಯೋಚನೆ ಬರುತ್ತಾ? ನೇರ ಕೇಳ್ತಿದ್ದೇನೆ ಅಂತ ಬೇಜಾರಾಗ್ಬೇಡಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತೆ ಅಂತ ನಮ್ಮಲ್ಲಿ ಹೆದರ್ತಾರೆ. ಅದು ಸುಳ್ಳು.

ದಾಂಡೇಲಿ_ವಿಶ್ವಾಸಿ · ಮಂಗಳವಾರ ಬೆಳಗ್ಗೆ 7:32

ಸಹೋದರಿ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಆದರೆ ವಾಕ್ಯ ಇರೋದನ್ನು ಇಲ್ಲ ಅನ್ನೋಕಾಗಲ್ಲ. ವಿಶ್ವಾಸದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಅಂತ ಯಾಕೋಬನ ಪತ್ರ 5ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ನಾನು ಒಂದು ಕಾಲಕ್ಕೆ ಬೆಳಗ್ಗೆ ಎದ್ದ ಕೂಡಲೇ ಕುಡಿಯೋನು. ಕೈ ನಡುಗಿ ಚಹದ ಗ್ಲಾಸು ಹಿಡಿಯೋಕಾಗ್ತಿರಲಿಲ್ಲ. ಸಭೆಯವರು 21 ದಿನ ಉಪವಾಸ ಪ್ರಾರ್ಥನೆ ಮಾಡಿದರು. ಬಿಟ್ಟು ಒಂಬತ್ತು ವರ್ಷ ಆಯ್ತು. ದೇವರು ತಾಳಲಾರದಷ್ಟು ಕಷ್ಟ ಕೊಡುವುದಿಲ್ಲ. ಬಾಯಿ ಬರದಿದ್ದರೂ ಬಲವಂತವಾಗಿ ಸ್ತೋತ್ರ ಹೇಳಿ, ಬಿಡುಗಡೆ ಸಿಗುತ್ತೆ.

ಅಂಕೋಲಾ_ನಾಸ್ತಿಕ · ಮಂಗಳವಾರ ಬೆಳಗ್ಗೆ 8:05

ಹೌದಾ? ಹಾಗಾದ್ರೆ ಗುಣವಾದರೆ ದೇವರ ಕೃಪೆ, ಸತ್ತರೆ ಮಗಳ ವಿಶ್ವಾಸ ಕಮ್ಮಿ. ಒಳ್ಳೇ ಲೆಕ್ಕ ಮಾರಾಯ್ರೆ. ನಮ್ಮೂರ ಮಟಕಾ ಬುಕ್ಕಿಯೂ ಇಷ್ಟು ಸೇಫ್ ಆಗಿ ಆಡೋದಿಲ್ಲ.

ದಾಂಡೇಲಿ_ವಿಶ್ವಾಸಿ · ಮಂಗಳವಾರ ಬೆಳಗ್ಗೆ 8:11

ನಾನು ಅವರ ವಿಶ್ವಾಸ ಕಮ್ಮಿ ಅಂತ ಹೇಳಲೇ ಇಲ್ಲ. ಓದಿ ಆಮೇಲೆ ಬರೆಯಿರಿ.

ಅಂಕೋಲಾ_ನಾಸ್ತಿಕ · ಮಂಗಳವಾರ ಬೆಳಗ್ಗೆ 8:13

ಬಾಯಿಬಿಟ್ಟು ಹೇಳಲಿಲ್ಲ, ಅರ್ಥ ಮಾಡಿಕೊಳ್ಳೋಕೆ ಬಿಟ್ಟಿರಿ ಅಷ್ಟೇ. ಕೇಳುವವರಿಗೆ ತಲುಪುತ್ತೆ.

ಹೊನ್ನಾವರ_ಟೀಚರ್ · ಮಂಗಳವಾರ ಮಧ್ಯಾಹ್ನ 2:40

ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು, ಈಗ ನಿವೃತ್ತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ತಿದ್ದುಪಡಿ. ‘ದೇವರು ತಾಳಲಾರದಷ್ಟು ಕಷ್ಟ ಕೊಡುವುದಿಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಬೈಬಲ್‌ನಲ್ಲಿ ಹಾಗೆ ಎಲ್ಲೂ ಇಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10:13ರಲ್ಲಿ ಇರುವುದು ಶೋಧನೆಯ ಮಾತು, ಅಂದರೆ ತಪ್ಪು ದಾರಿಗೆ ಎಳೆಯುವ ಆಸೆ. ಅದು ಸಾವುನೋವಿನ ಲೆಕ್ಕ ಅಲ್ಲ. ಅದೇ ಪೌಲ ಅದೇ ಊರಿನವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೇ ಏನು ಹೇಳಿದ್ದಾನೆ? ಹೊರೆ ನಮ್ಮ ಶಕ್ತಿ ಮೀರಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ. ಪೌಲನೇ ಕೈಚೆಲ್ಲಿದ್ದ. ಅವನಿಗೆ ವಿಶ್ವಾಸ ಕಮ್ಮಿ ಇತ್ತಾ? ಮೈಯಲ್ಲಿ ಚುಚ್ಚುವ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ.

ಎರಡನೆಯದು, ತಂಗಿ, ನಿನಗೆ. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳಿನವು. ನಾವು ಹಬ್ಬಕ್ಕೆ ಹಾಡುವುದು ಉಳಿದವನ್ನು, ಅದಕ್ಕೇ ಇವು ಗೊತ್ತಾಗೋದಿಲ್ಲ. ಹೆಚ್ಚಿನ ಗೋಳಿನ ಕೀರ್ತನೆ ಕೊನೆಗೆ ‘ಆದರೂ ನಿನ್ನನ್ನು ಕೊಂಡಾಡುತ್ತೇನೆ’ ಅಂತ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ. ಹಗಲು ರಾತ್ರಿ ಕೂಗಿದೆ, ಮುಖ ಯಾಕೆ ಮರೆಮಾಡಿದ್ದೀ ಅಂತ ಕೇಳಿ ಕೇಳಿ, ಕೊನೆಯ ಮಾತು ಕತ್ತಲೆ. ಅಲ್ಲಿಗೆ ಮುಗಿಯಿತು. ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಕೊನೆಗೆ ಎರಡು ಸಾಲು ಸೇರಿಸಿ ಚಂದ ಮಾಡಲೂ ಇಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ಹೇಳಿದ್ದೂ ಸ್ತೋತ್ರವನ್ನಲ್ಲ. 22ನೇ ಕೀರ್ತನೆಯ ಮೊದಲ ಸಾಲು, ‘ಯಾಕೆ ಕೈಬಿಟ್ಟೆ?’

ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಮೂರು ಸಲ ಪ್ರಾರ್ಥನೆ. ಮೂರನೇ ಸಲವೂ ಅದೇ ಮಾತು ಅಂತ ಮತ್ತಾಯ ಬರೆಯುತ್ತಾನೆ. ಹೊಸ ಮಾತು ಹುಟ್ಟಲಿಲ್ಲ. ಬೇಡಿದ್ದು ಸಿಗಲೂ ಇಲ್ಲ. ಜೊತೆಗಿದ್ದವರು ನಿದ್ದೆ ಹೋಗಿದ್ದರು.

ಶಿರಸಿ_ಅಪ್ಪೆಮಿಡಿ · ಮಂಗಳವಾರ ಮಧ್ಯಾಹ್ನ 3:15

ನಾನು ಕ್ರಿಶ್ಚಿಯನ್ ಅಲ್ಲ, ಹವ್ಯಕರ ಮನೆ. ಆದ್ರೂ ಟೀಚರ್ ಬರೆದಿದ್ದು ಎರಡು ಸಲ ಓದಿದೆ. ದೇವರಿಗೆ ಬೈದ ಹಾಡನ್ನೇ ಶಾಸ್ತ್ರದಲ್ಲಿ ಇಟ್ಟುಕೊಂಡಿದ್ದಾರೆ ಅಂದ್ರೆ ಧೈರ್ಯ ಬೇಕು. ನಮ್ಮಲ್ಲೂ ದಾಸರು, ಶರಣರು ದೇವರ ಜತೆ ಜಗಳ ಆಡಿದವರೇ. ನಮ್ಮ ಅಪ್ಪ ಹೋದಾಗ ನಾನು ಮೂರು ತಿಂಗಳು ಸಂಧ್ಯಾವಂದನೆ ಬಿಟ್ಟಿದ್ದೆ. ಆಯಿ ಏನೂ ಅನ್ನಲಿಲ್ಲ. ದಿನಾ ಪಂಚಪಾತ್ರೆ ತೊಳೆದು ನೀರು ತುಂಬಿಸಿ ಇಡ್ತಿದ್ದಳು, ಅಷ್ಟೇ.

ಸದಾಶಿವಗಡದವಳು · ಮಂಗಳವಾರ ಸಂಜೆ 5:50

ಎಲ್ಲರಿಗೂ ಉತ್ತರ ಬರೆಯೋಕೆ ಆಗ್ತಿಲ್ಲ, ಓದ್ತಾ ಇದ್ದೇನೆ.

@ಕುಮಟಾ_ನರ್ಸ್ ನಿದ್ದೆ ಮೂರು ನಾಲ್ಕು ಗಂಟೆ. ಮೂರಕ್ಕೆ ಎಚ್ಚರ ಆಗುತ್ತೆ. ಆಯಿಗೆ ಔಷಧಿ ಕೊಡ್ತಿದ್ದ ಹೊತ್ತು ಅದು. ತೂಕ ಆರು ಕೆಜಿ ಇಳಿದಿದೆ. ಸಾಯಬೇಕು ಅಂತ ಇಲ್ಲ. ಬೆಳಗಾಗೋದು ಬೇಡ ಅನ್ನಿಸುತ್ತೆ, ಅಷ್ಟೇ.

ಟೀಚರ್, 88 ಓದಿದೆ. ನಮ್ಮ ಮನೆ ಬೈಬಲ್‌ನಲ್ಲಿ ಆ ಪುಟ ಒಂದಕ್ಕೊಂದು ಅಂಟಿಕೊಂಡಿತ್ತು, ಯಾರೂ ತೆಗೆದೇ ಇಲ್ಲ.

ಕುಮಟಾ_ನರ್ಸ್ · ಮಂಗಳವಾರ ಸಂಜೆ 6:20

ಅಕ್ಕಾ, ‘ಅಷ್ಟೇ’ ಅಂತ ಬರೆದಿದ್ದೀರಲ್ಲ, ಅದು ಅಷ್ಟೇ ಅಲ್ಲ. ಮೂರು ತಿಂಗಳು ಇಷ್ಟೇ ನಿದ್ದೆ ಅಂದ್ರೆ ಯಾರಿಗಾದ್ರೂ ದೇವರೂ ಕಾಣಲ್ಲ, ಮನುಷ್ಯರೂ ಕಾಣಲ್ಲ. 14416 ಬರೆದಿಟ್ಟುಕೊಳ್ಳಿ. ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರಲ್ಲಿ ಶುರುವಾಗಿದೆ. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಳಗಿನ ಮೂರಕ್ಕೂ ಎತ್ತುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ಇರುತ್ತೆ, ನಿಮ್ಮಲ್ಲಿ ಯಾವಾಗ ಅಂತ ಒಮ್ಮೆ ವಿಚಾರಿಸಿ. ಹುಚ್ಚು ಹಿಡಿದವರೇ ಹೋಗಬೇಕು ಅಂತೇನಿಲ್ಲ. ನಾನೂ ಕೋವಿಡ್ ಸಮಯದಲ್ಲಿ ಆರು ತಿಂಗಳು ಗುಳಿಗೆ ತಗೊಂಡವಳೇ. ಜಪಸರ ಒಂದು ಜೇಬಲ್ಲಿ, ಗುಳಿಗೆ ಇನ್ನೊಂದರಲ್ಲಿ. ಎರಡಕ್ಕೂ ಜಗಳ ಆಗಲಿಲ್ಲ.

ದಾಂಡೇಲಿ_ವಿಶ್ವಾಸಿ · ಮಂಗಳವಾರ ಸಂಜೆ 6:41

ಡಾಕ್ಟರ್ ಬೇಡ ಅಂತ ನಾನೂ ಹೇಳಲ್ಲ. ಆದರೆ ಮನಸ್ಸಿನ ಭಾರಕ್ಕೆ ಗುಳಿಗೆ ಅಂದ್ರೆ ನನಗೆ ಅಷ್ಟು ಸಮಾಧಾನ ಇಲ್ಲ.

ಕುಮಟಾ_ನರ್ಸ್ · ಮಂಗಳವಾರ ಸಂಜೆ 6:44

ಕುಡಿತ ಬಿಟ್ಟಾಗ ನಿಮ್ಮ ಕೈ ನಡುಕ ಹೇಗೆ ನಿಂತಿತು? ಬರೀ ಉಪವಾಸದಿಂದಲೇ?

ದಾಂಡೇಲಿ_ವಿಶ್ವಾಸಿ · ಮಂಗಳವಾರ ಸಂಜೆ 7:30

ಇಲ್ಲ. ಧಾರವಾಡದಲ್ಲಿ ಹತ್ತು ದಿನ ಅಡ್ಮಿಟ್ ಆಗಿದ್ದೆ. ಪಾಸ್ಟರೇ ಬಸ್ ಚಾರ್ಜ್ ಕೊಟ್ಟು ಕರೆದುಕೊಂಡು ಹೋಗಿದ್ದು. ಸಭೆಯಲ್ಲಿ ಸಾಕ್ಷಿ ಹೇಳುವಾಗ ಅದನ್ನು ಬಿಟ್ಟುಬಿಡ್ತೇನೆ, ನಿಜ.

ಬೈತಖೋಲ್_ಬೋಟ್ · ಮಂಗಳವಾರ ಸಂಜೆ 7:33

ಈ ಮಾತು ಒಪ್ಪಿಕೊಂಡಿರಲ್ಲ, ನಿಮಗೆ ನಮಸ್ಕಾರ.

ಅಂಕೋಲಾ_ನಾಸ್ತಿಕ · ಮಂಗಳವಾರ ರಾತ್ರಿ 9:02

ನಾನು ಸುಮ್ನೆ ತಮಾಷೆಗೆ ಬಂದವನಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಮಧ್ಯರಾತ್ರಿ ಕುಸಿಯಿತಲ್ಲ, ಲಾರಿ ನೀರಿಗೆ ಬಿತ್ತು, ಡ್ರೈವರ್ ಬದುಕಿದ. ಆ ಮನುಷ್ಯನೂ ನೀರಲ್ಲಿ ದೇವರನ್ನು ಕರೆದಿರಬಹುದು. ಆದ್ರೆ ಬಂದಿದ್ದು ಕಣ್ಣಿಗೆ ಕಾಣುವ ಮನುಷ್ಯರು. ಆ ಕೆಲಸಕ್ಕೆ ದೇವರ ಹೆಸರು ಯಾಕೆ? ಮದರ್ ತೆರೇಸಾ ಕೂಡ ಒಳಗೆ ಏನೂ ಇಲ್ಲ ಅಂತಲೇ ಬರೆದಿದ್ದರಂತೆ. ಹೊರಗೆ ಮಾತ್ರ ನಗು. ಇದು ನಾಟಕ ಅಲ್ವಾ?

ಹೊನ್ನಾವರ_ಟೀಚರ್ · ಮಂಗಳವಾರ ರಾತ್ರಿ 9:50

ಬರೆದಿದ್ದರು, ಸುಳ್ಳಲ್ಲ. 1997ರಲ್ಲಿ ತೀರಿಕೊಂಡರು, ಹತ್ತು ವರ್ಷದ ನಂತರ 2007ರಲ್ಲಿ ಆ ಪತ್ರಗಳು ಅಚ್ಚಾದವು. ಹತ್ತಿರ ಹತ್ತಿರ ಐವತ್ತು ವರ್ಷ, ಪ್ರಾರ್ಥನೆಗೆ ಕೂತರೆ ಖಾಲಿ, ಕತ್ತಲೆ. ತಮ್ಮ ಆತ್ಮಗುರುಗಳಿಗೆ ಮಾತ್ರ ಹೇಳಿಕೊಂಡಿದ್ದರು. ಪತ್ರಗಳು ಹೊರಬಂದಾಗ ನಾನೂ ಗಾಬರಿಯಾಗಿದ್ದೆ. ಮಕ್ಕಳಿಗೆ ಏನು ಹೇಳೋದು ಅಂತ. ಅವೆಲ್ಲ ಗೊತ್ತಿದ್ದೇ 2016ರಲ್ಲಿ ಧರ್ಮಸಭೆ ಅವರನ್ನು ಸಂತರು ಅಂತ ಘೋಷಿಸಿತು, ಅದನ್ನು ಗಮನಿಸಬೇಕು. ನಾಟಕ ಅಂದರೆ ಇಲ್ಲದ್ದನ್ನು ಇದೆ ಅಂತ ತೋರಿಸಿ ಲಾಭ ಮಾಡೋದು. ಒಳಗೆ ಏನೂ ಸಿಗದಿದ್ದರೂ ದಿನಾ ಬೆಳಗ್ಗೆ ಎದ್ದು ಕುಷ್ಠರೋಗಿಯ ಗಾಯ ತೊಳೆಯೋಕೆ ಹೋಗೋದಕ್ಕೆ ನಾನು ಬೇರೆ ಹೆಸರು ಇಡ್ತೇನೆ. ನೀವು ಒಪ್ಪಬೇಕಂತಿಲ್ಲ.

ಇದು ಹೊಸದೂ ಅಲ್ಲ. ಶಿಲುಬೆಯ ಯೋವಾನ್ನ ಅಂತ ಸ್ಪೇನಿನ ಸಂತ. 1577ರಲ್ಲಿ ಅವನ ಸನ್ಯಾಸಿ ಸಭೆಯವರೇ ಟೊಲೆಡೊದಲ್ಲಿ ಕಿಷ್ಕಿಂಧೆಯಂಥ ಕೋಣೆಗೆ ಹಾಕಿ ಬೀಗ ಜಡಿದರು. ಎಂಟೊಂಬತ್ತು ತಿಂಗಳು. ಮರುವರ್ಷ ತಪ್ಪಿಸಿಕೊಂಡ. ಆ ಕತ್ತಲಲ್ಲೇ ಪದ್ಯ ಕಟ್ಟಿದ. ಆತ್ಮದ ‘ಕತ್ತಲ ರಾತ್ರಿ’ ಅನ್ನೋ ಮಾತು ನಮಗೆ ಬಂದಿದ್ದು ಅವನಿಂದ.

ಅಂಕೋಲಾ_ನಾಸ್ತಿಕ · ಮಂಗಳವಾರ ರಾತ್ರಿ 10:04

ಒಪ್ಪಲಿಲ್ಲ. ಆದ್ರೆ ‘ನಾಟಕ’ ಅನ್ನೋ ಪದ ವಾಪಸ್ ತಗೊಂಡೆ.

ಬೈತಖೋಲ್_ಬೋಟ್ · ಮಂಗಳವಾರ ರಾತ್ರಿ 10:30

ಸೇತುವೆ ವಿಷಯ ಬಂದಿದ್ದಕ್ಕೆ ಹೇಳ್ತೇನೆ. ನಾವು ಸಮುದ್ರದವರು, ಜಾತಿ ಧರ್ಮ ಯಾವುದೇ ಇರಲಿ, ಬಂದರಿನ ದಕ್ಕೆ ಬಿಡುವಾಗ ಕೈ ಮುಗಿಯದೆ ಬಿಡೋದಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ನೆನಪಿದೆಯಾ? ಏಳು ಜನ. ನಮ್ಮ ಜಿಲ್ಲೆಯವರೂ ಇದ್ದರು. ಬೋಟಿನ ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡೆ ಸಮುದ್ರದ ತಳದಲ್ಲಿ. ನಾಲ್ಕು ತಿಂಗಳಿಗೂ ಜಾಸ್ತಿ ಈ ಕರಾವಳಿಯಲ್ಲಿ ದೇವಸ್ಥಾನ, ಇಗರ್ಜಿ, ದರ್ಗಾ ಎಲ್ಲ ಕಡೆ ಅವರಿಗಾಗಿ ಬೇಡಿಕೊಂಡರು. ಯಾರೂ ಬರಲಿಲ್ಲ.

ಅದಾದ ಮೇಲೆ ನಾನು ಕೈ ಮುಗಿಯೋದು ಬಿಟ್ಟೆನಾ? ಇಲ್ಲ. ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ. ಕೈ ಮುಗಿಯದೆ ಹೋದ ದಿನ ಹೊಟ್ಟೆಯಲ್ಲಿ ಏನೋ ತೊಳಸುತ್ತೆ. ಇದು ಭಕ್ತಿಯೋ ಭಯವೋ ನೀವೇ ಹೇಳಿ.

ಶಿರಸಿ_ಅಪ್ಪೆಮಿಡಿ · ಮಂಗಳವಾರ ರಾತ್ರಿ 10:41

ಎರಡೂ ಇರಬಹುದು. ಅಂದಹಾಗೆ ಮೀನುಗಾರಿಕೆ ಬ್ಯಾನ್ ಮುಗಿಯೋದು ಯಾವಾಗ? ನನ್ನ ಗೆಳೆಯನೊಬ್ಬ ಸೀಗಡಿ ಸೀಗಡಿ ಅಂತ ಜಪ ಮಾಡ್ತಿದ್ದಾನೆ.

ಬೈತಖೋಲ್_ಬೋಟ್ · ಮಂಗಳವಾರ ರಾತ್ರಿ 10:43

ಜುಲೈ 31ರ ತನಕ. ಜೂನ್ 1ರಿಂದ ಲೆಕ್ಕ ಹಾಕಿದ್ರೆ 61 ದಿನ. ‘ಗೆಳೆಯ’ನಿಗೆ ತಾಳ್ಮೆಯಿಂದ ಇರೋಕೆ ಹೇಳಿ ಭಟ್ರೆ.

ನಿರ್ವಾಹಕ · ಮಂಗಳವಾರ ರಾತ್ರಿ 10:50

ಮೀನಿನ ಮಾತಿಗೆ ಬೇರೆ ಕಟ್ಟೆ ಇದೆ.

ಹಳಿಯಾಳ_ದಮಾಮಿ · ಬುಧವಾರ ಬೆಳಗ್ಗೆ 9:20

ನಾನು ಸಿದ್ದಿ, ಕ್ಯಾಥೋಲಿಕ್. ನಮ್ಮಲ್ಲಿ ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರಿಶ್ಚಿಯನ್ ಸಿದ್ದಿ ಮೂರೂ ಇದ್ದೇವೆ, ನಮ್ಮ ದಮಾಮಿ ಡೋಲು ಹಿಡಿದ್ರೆ ಎಲ್ಲ ಒಂದೇ. ನಮ್ಮಜ್ಜಿಗೆ ಅಕ್ಷರ ಗೊತ್ತಿರಲಿಲ್ಲ. ಪೂರ್ತಿ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಎರಡನೇ ಮಗ ಕಾಡಲ್ಲಿ ಮರ ಬಿದ್ದು ಸತ್ತಾಗ ಅಜ್ಜಿ ಅಂಗಳದಲ್ಲಿ ಕೂತು ಜಪಸರದ ಒಂದೊಂದು ಮಣಿಗೂ ‘ಸೊಮಿಯಾ’ (ಸ್ವಾಮಿ) ಅಂತ ಒಂದೇ ಪದ ಹೇಳುತ್ತಿದ್ದಳು. ಆಮೇಲೆ ಅದೂ ನಿಂತಿತು. ‘ಹ್ಞಾ... ಹ್ಞಾ...’ ಅಂತ ನರಳೋದು ಮಾತ್ರ. ಮಣಿ ಮಾತ್ರ ಸರಿಯಾಗಿ ಸರಿಯುತ್ತಿತ್ತು. ನಾನು ಹತ್ತು ವರ್ಷದವನು, ಅಜ್ಜಿ ಪ್ರಾರ್ಥನೆ ತಪ್ಪು ಹೇಳ್ತಿದ್ದಾಳೆ ಅಂತ ಫಾದರ್ ಹತ್ತಿರ ದೂರು ಹೇಳಿದ್ದೆ. ಫಾದರ್ ನಕ್ಕರು. ಅದು ಎಲ್ಲರಿಗಿಂತ ಸರಿಯಾದ ಪ್ರಾರ್ಥನೆ ಅಂದರು.

ಹೊನ್ನಾವರ_ಟೀಚರ್ · ಬುಧವಾರ ಬೆಳಗ್ಗೆ 9:45

ರೋಮನರಿಗೆ ಬರೆದ ಪತ್ರ 8:26 ತೆಗೆದು ನೋಡಪ್ಪಾ. ಹೇಗೆ ಬೇಡಬೇಕೋ ನಮಗೆ ಗೊತ್ತಿಲ್ಲ, ಮಾತಿಗೆ ಸಿಗದ ನರಳಾಟದಲ್ಲಿ ಆತ್ಮವೇ ನಮ್ಮ ಪರವಾಗಿ ಬೇಡುತ್ತದೆ ಅಂತ ಇದೆ. ಆ ಫಾದರ್ ಅದನ್ನೇ ನೆನೆಸಿಕೊಂಡಿರಬೇಕು.

ಕುವೈತ್_ಕಾರವಾರಿ · ಬುಧವಾರ ಮಧ್ಯಾಹ್ನ 1:10

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯ ಬಹಳ ದಿನದಿಂದ ಕೇಳಬೇಕಿತ್ತು, ಇಲ್ಲೇ ಕೇಳ್ತೇನೆ. ನನ್ನ ದೊಡ್ಡಪ್ಪನ ಮಗ ಸಾಲದ ಬಾಧೆಗೆ ಜೀವ ತೆಗೆದುಕೊಂಡ. ಆಗ ಊರಲ್ಲಿ ಹಿರಿಯರೊಬ್ಬರು ‘ನಿರಾಶೆ ಕ್ಷಮೆ ಇಲ್ಲದ ಪಾಪ, ಇಂಥವರನ್ನು ಇಗರ್ಜಿ ಮಣ್ಣಲ್ಲಿ ಇಡಬಾರದು’ ಅಂತ ಎದ್ದು ನಿಂತರು. ಫಾದರ್ ಕೇಳಲಿಲ್ಲ, ಪೂರ್ತಿ ಬಲಿಪೂಜೆ ಮಾಡಿ ಮಣ್ಣು ಕೊಟ್ಟರು. ಆದರೂ ದೊಡ್ಡಮ್ಮ ಇವತ್ತಿಗೂ ಅವನ ಹೆಸರಲ್ಲಿ ಪೂಜೆ ಹೇಳಿಸೋಕೆ ಹೆದರುತ್ತಾಳೆ. ಫಾದರ್ ಕರುಣೆಯಿಂದ ಮಾಡಿದ್ದಾ, ನಿಯಮವೇ ಹಾಗಿದೆಯಾ?

ಹೊನ್ನಾವರ_ಟೀಚರ್ · ಬುಧವಾರ ಮಧ್ಯಾಹ್ನ 3:30

ಹಿರಿಯರು ಹೇಳಿದ್ದು ಹಳೇ ನಿಯಮ. 1917ರ ಧರ್ಮಸಭೆಯ ಕಾನೂನಿನಲ್ಲಿ ಬೇಕೆಂದೇ ಜೀವ ಕಳೆದುಕೊಂಡವರಿಗೆ ಅಂತ್ಯಕ್ರಿಯೆ ನಿರಾಕರಿಸಬೇಕು ಅಂತ ಇತ್ತು. 1983ರ ಹೊಸ ಕಾನೂನಿನಲ್ಲಿ ಅದು ಇಲ್ಲ. 1992ರ ಧರ್ಮೋಪದೇಶ ಗ್ರಂಥದ 2282, 2283ನೇ ಭಾಗ ದೊಡ್ಡಮ್ಮನಿಗೆ ಓದಿ ಹೇಳಪ್ಪಾ. ಜೀವ ಕಳೆದುಕೊಳ್ಳುವುದು ತಪ್ಪು ಅಂತ ಅದು ಹೇಳುತ್ತದೆ. ಆದರೆ ಮನಸ್ಸಿನ ತೀವ್ರ ತಳಮಳ, ಭಯ, ಸಂಕಟ ಇದ್ದರೆ ಹೊಣೆ ಕಡಿಮೆಯಾಗುತ್ತದೆ. ಅಂಥವರ ರಕ್ಷಣೆಯ ಬಗ್ಗೆ ನಾವು ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಅಂತ ಅಲ್ಲೇ ಇದೆ. ಪೂಜೆ ಹೇಳಿಸಲಿ. ಹೆದರಬೇಕಿಲ್ಲ.

ಕುವೈತ್_ಕಾರವಾರಿ · ಬುಧವಾರ ಮಧ್ಯಾಹ್ನ 3:38

ಸ್ಕ್ರೀನ್‌ಶಾಟ್ ತೆಗೆದು ಊರಿಗೆ ಕಳಿಸಿದೆ ಟೀಚರ್. ದೇವ್ ಬರೆಂ ಕರುಂ.

ಸದಾಶಿವಗಡದವಳು · ಬುಧವಾರ ರಾತ್ರಿ 10:15

ಬೆಳಗಿನ ಮೂರಕ್ಕೆ ಆ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಮಾತಾಡಿದಳು, ನನಗಿಂತ ಸಣ್ಣವಳು ಅನ್ನಿಸಿತು. ಜಾಸ್ತಿ ಏನೂ ಹೇಳಲಿಲ್ಲ, ಕೇಳಿದಳು. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗ್ತೇನೆ.

ಆದರೆ ಒಂದು ಉಳಿದೇ ಇದೆ. ಚಂದಾವರದ ಹರಕೆ. ಆಯಿ ಗುಣವಾದರೆ ಅಂತ ಹೊತ್ತಿದ್ದು. ಗುಣ ಆಗಲಿಲ್ಲ. ತೀರಿಸಬೇಕಾ ಬೇಡವಾ? ಪಪ್ಪ ಕೇಳ್ತಿದ್ದಾರೆ. ನನಗೆ ಆ ಸಂತನ ಮುಖ ನೋಡೋಕೂ ಮನಸ್ಸಿಲ್ಲ.

ದಾಂಡೇಲಿ_ವಿಶ್ವಾಸಿ · ಬುಧವಾರ ರಾತ್ರಿ 10:22

ನಮ್ಮಲ್ಲಿ ಸಂತರಿಗೆ ಹರಕೆ ಇಲ್ಲ, ಆ ಬಗ್ಗೆ ನಾನು ಮಾತಾಡೋದಿಲ್ಲ. ಫೋನ್ ಮಾಡಿದ್ದು ಒಳ್ಳೇದಾಯ್ತು ಸಹೋದರಿ.

ಕುವೈತ್_ಕಾರವಾರಿ · ಬುಧವಾರ ರಾತ್ರಿ 10:40

ಷರತ್ತು ಈಡೇರಲಿಲ್ಲ ಅಂದ್ಮೇಲೆ ಹರಕೆ ಎಲ್ಲಿಯದು?

ಹೊನ್ನಾವರ_ಟೀಚರ್ · ಬುಧವಾರ ರಾತ್ರಿ 11:05

ನಿಯಮದ ಪ್ರಕಾರ ಅದು ಸರಿ, ಬಾಕಿ ಏನೂ ಇಲ್ಲ. ಆದರೂ ಒಂದು ಹೇಳಲಾ ತಂಗಿ? ನೀವು ಯಾರ ಹತ್ತಿರ ಹರಕೆ ಹೊತ್ತಿರೋ ಆ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದವರು. ಕೊನೆಗೆ ಚೀನಾಕ್ಕೆ ಹೋಗಬೇಕು ಅಂತ ಒಂದೇ ಹಟ. ಶಾಂಗ್‌ಚುವಾನ್ ದ್ವೀಪದ ತನಕ ಬಂದರು, ದಾಟಿದರೆ ಚೀನಾದ ನೆಲ. ಕರೆದೊಯ್ಯುತ್ತೇನೆ ಅಂದ ಹಡಗಿನವನು ಬರಲೇ ಇಲ್ಲ. ಜ್ವರ ಬಂತು. ಗುಡಿಸಿಲಲ್ಲಿ, ಕೈಬೆರಳಿನಷ್ಟು ಜನರೂ ಜೊತೆಗಿಲ್ಲದೆ, 46ನೇ ವಯಸ್ಸಿಗೆ ತೀರಿಕೊಂಡರು. 1552ರ ಡಿಸೆಂಬರ್ 3. ನಾವು ಬ್ಯಾಂಡು ಬಾರಿಸಿ ಹಬ್ಬ ಮಾಡೋ ದಿನ ಅದೇ. ಬೇಡಿದ್ದು ಸಿಗದೆ ಸತ್ತವರ ಹತ್ತಿರವೇ ನಾವು ಬೇಡೋಕೆ ಹೋಗ್ತೇವೆ. ನಿನ್ನ ಆಯಿ ಕಾರಿನ ಕಿಟಕಿಯಿಂದ ನೋಡಿದ್ದು ಅಂಥವರ ಇಗರ್ಜಿಯನ್ನು. ಹೋಗು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಈ ಸ್ಥಿತಿಯಲ್ಲಿ ಯಾವುದನ್ನೂ ಈಗಲೇ ತೀರ್ಮಾನ ಮಾಡಬೇಡ. ಮನಸ್ಸು ಬತ್ತಿರುವಾಗ ಹಳೇ ನಿರ್ಧಾರ ಬದಲಿಸಬೇಡ ಅಂತ ಸಂತ ಇಗ್ನಾಸಿಯವರ ನಿಯಮವೇ ಇದೆ.

ಅಂಕೋಲಾ_ನಾಸ್ತಿಕ · ಬುಧವಾರ ರಾತ್ರಿ 11:20

ಇದು ನನಗೆ ಗೊತ್ತಿರಲಿಲ್ಲ. ಚಂದಾವರದ ಹಬ್ಬಕ್ಕೆ ನಮ್ಮ ಮನೆಯವರೂ ಹೋಗ್ತಾರೆ, ಹಿಂದೂಗಳೇ. ನಾನು ಪಾರ್ಕಿಂಗಲ್ಲಿ ಕೂತಿರ್ತೇನೆ.

ಹಳಿಯಾಳ_ದಮಾಮಿ · ಗುರುವಾರ ಬೆಳಗ್ಗೆ 8:00

ಟೀಚರ್, ಪ್ರವಾದಿ ಎಲೀಯನ ಕಥೆ ಹೇಳಲೇ ಇಲ್ಲ?

ಹೊನ್ನಾವರ_ಟೀಚರ್ · ಗುರುವಾರ ಬೆಳಗ್ಗೆ 10:30

ಹೌದಲ್ಲ. ಒಂದನೇ ಅರಸುಗಳು 19. ಎಲೀಯ ಪ್ರಾಣಭಯದಿಂದ ಓಡಿ ಓಡಿ, ಬಯಲಿನಲ್ಲಿ ಒಂದು ಗಿಡದ ಕೆಳಗೆ ಕೂತು ‘ಸಾಕು, ನನ್ನ ಜೀವ ತೆಗೆ’ ಅಂದ. ದೇವರ ದೂತ ಬಂದ. ಉಪದೇಶ ಮಾಡಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಮೈ ತಟ್ಟಿ ಎಬ್ಬಿಸಿ ‘ಎದ್ದು ತಿನ್ನು’ ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ.

ಕುಮಟಾ_ನರ್ಸ್ · ಗುರುವಾರ ಬೆಳಗ್ಗೆ 10:41

ಊಟ, ನಿದ್ದೆ, ಮತ್ತೆ ಊಟ. ಆ ದೂತ ಖಂಡಿತ ನರ್ಸಿಂಗ್ ಓದಿದ್ದಾನೆ.

ಶಿರಸಿ_ಅಪ್ಪೆಮಿಡಿ · ಗುರುವಾರ ಬೆಳಗ್ಗೆ 11:02

ಅಕ್ಕಾ, ನಿಮ್ಮ ಪಪ್ಪನಿಗೆ ಗಂಜಿ ಜೊತೆ ಹಾಕಿಕೊಳ್ಳೋಕೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಾದ್ರೆ ಕಾರವಾರ ಬಸ್ಸಿನಲ್ಲಿ ಕಳಿಸಿಕೊಡ್ತೇನೆ. ಸುಮ್ನೆ ಹೇಳ್ತಿಲ್ಲ. ನಿರ್ವಾಹಕರ ಮೂಲಕ ತಿಳಿಸಿ ಸಾಕು.

ಸದಾಶಿವಗಡದವಳು · ಶುಕ್ರವಾರ ರಾತ್ರಿ 9:36

ಉಪ್ಪಿನಕಾಯಿ ಬೇಡ ಅನ್ನಲ್ಲ.

ಇವತ್ತು ಒಂದು ಆಯ್ತು, ಬರೆದುಬಿಡ್ತೇನೆ. ಏಳೂವರೆಗೆ ಪಪ್ಪ ತೇರ್ಸ್‌ಗೆ ಕೂತರು. ನಾನು ಒಳಗೆ ಈಳಿಗೆ ಮುಂದೆ ಬಂಗಡೆ ಸ್ವಚ್ಛ ಮಾಡ್ತಿದ್ದೆ. ತೇರ್ಸ್‌ನಲ್ಲಿ ದಿನಕ್ಕೆ ತಕ್ಕಂತೆ ನೆನೆಯುವ ಯೇಸು, ಮರಿಯಮ್ಮನ ಬದುಕಿನ ಘಟನೆಗಳಿಗೆ ರಹಸ್ಯ ಅಂತೇವೆ. ಪಪ್ಪ ಶುರು ಮಾಡಿದ್ದು ಸಂತೋಷದ ರಹಸ್ಯ, ದೇವದೂತ ಮರಿಯಮ್ಮನ ಹತ್ತಿರ ಬಂದಿದ್ದು. ಅದು ಸೋಮವಾರ, ಶನಿವಾರದ್ದು. ನನಗೆ ಗೊತ್ತಿಲ್ಲದೆ ಬಾಯಿಂದ ಬಂತು, ‘ಪಪ್ಪಾ ಇವತ್ತು ಶುಕ್ರವಾರ, ದುಃಖದ್ದು’ ಅಂತ. ಪಪ್ಪ ಸುಮ್ಮನಾದರು. ಆಮೇಲೆ, ‘ಯಾವ ದಿನಕ್ಕೆ ಯಾವುದು ಅಂತ ನಿನ್ನ ಆಯಿಗೆ ಗೊತ್ತಿತ್ತು. ನಾನು ಏಪ್ರಿಲ್‌ನಿಂದ ದಿನಾ ಇದನ್ನೇ ಹೇಳ್ತಿದ್ದೇನೆ’ ಅಂದರು.

ಮೂರು ತಿಂಗಳು ದಿನಾ ಸಂತೋಷದ ರಹಸ್ಯ. ನನಗೆ ನಗು ಬಂತು, ಮತ್ತೆ ಅಳು ಬಂತು. ಕೈಯಲ್ಲಿ ಮೀನು, ಒರೆಸಿಕೊಳ್ಳೋಕೂ ಆಗ್ತಿಲ್ಲ. ಪಪ್ಪ ದುಃಖದ್ದು ಮೊದಲನೆಯದು ಶುರು ಮಾಡಿದರು, ಗೆತ್ಸೆಮನೆ. ಮೊದಲ ಅರ್ಧ ಹೇಳಿ ನಿಲ್ಲಿಸಿದರು. ಅಲ್ಲಿಂದಲೇ ಉಳಿದ ಅರ್ಧ ಹೇಳಿದೆ. ಹತ್ತು ಸಲ. ಎರಡನೆಯದಕ್ಕೆ ಆಗಲಿಲ್ಲ, ನಲ್ಲಿ ತಿರುಗಿಸಿದೆ. ಪಪ್ಪ ತಾವೇ ಮುಗಿಸಿದರು.

ಭಾನುವಾರ ಪೂಜೆಗೆ ಹೋಗ್ತೇನಾ, ಗೊತ್ತಿಲ್ಲ.

ಹೊನ್ನಾವರ_ಟೀಚರ್ · ಶುಕ್ರವಾರ ರಾತ್ರಿ 9:50

ಒಂದು ಚೀಟಿಯಲ್ಲಿ ವಾರದ ರಹಸ್ಯ ಬರೆದು ಪಪ್ಪನ ಕೈಗೆ ಕೊಡು ತಂಗಿ. ಗುರುವಾರಕ್ಕೆ ಬೆಳಕಿನ ರಹಸ್ಯ, ಅದು 2002ರಲ್ಲಿ ಸೇರಿದ್ದು, ಹಳಬರಿಗೆ ಮರೆತುಹೋಗುತ್ತೆ.

ಬೈತಖೋಲ್_ಬೋಟ್ · ಶುಕ್ರವಾರ ರಾತ್ರಿ 10:02

ನಿರ್ವಾಹಕರು ಬೈದರೂ ಕೇಳ್ತೇನೆ. ಅಕ್ಕಾ, ಜುಲೈಯಲ್ಲಿ ಬಂಗಡೆ ಎಲ್ಲಿ ಸಿಕ್ಕಿತು? ನಮ್ಮ ಬೋಟುಗಳೆಲ್ಲ ತಾಡಪಾಲು ಹೊದ್ದು ಮಲಗಿವೆ.

ಸದಾಶಿವಗಡದವಳು · ಶುಕ್ರವಾರ ರಾತ್ರಿ 10:09

ಐಸಿನದು. ತಮಿಳುನಾಡಿನ ಲಾರಿ ಬಂದಿದೆ ಅಂದಳು ಮೀನಿನವಳು. ಕಣ್ಣು ಸ್ವಲ್ಪ ಕೆಂಪಗಾಗಿತ್ತು, ಆದ್ರೂ ತಂದೆ. ಪಪ್ಪ ಎರಡು ತಿಂದರು.